ಅತ್ತೆ ಆರಿಸಿಕೊಟ್ಟ ಈಜುಡುಪು

ಕಳೆದ ವಾರ ಪಾರ್ಸೆಲ್ ಬಂತು. ಕತ್ತರಿಯಿಂದ ಪ್ಲಾಸ್ಟಿಕ್ ಕೊಯ್ದ ಕೂಡಲೇ ಹೊಸ ನೈಲಾನಿನ ವಾಸನೆ ಮೂಗಿಗೆ ಹೊಡೆಯಿತು. ಹೊಸ ಛತ್ರಿ ಬಿಚ್ಚಿದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ವಾಸನೆ. ನಾನು ಕೂತಿದ್ದದ್ದು ತರೀಕೆರೆಯ ನಮ್ಮ ಮನೆಯ ಮಂಚದ ಮೇಲೆ. ಆದರೆ ಮನಸ್ಸು ಮಾತ್ರ ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಗೆ ಹೋಗಿ ನಿಂತುಬಿಟ್ಟಿತು. ಬಾಗಿಲ ತುಂಬ ಸಾಲಾಗಿ ತೂಗುವ ನೈಟಿಗಳು, ಅವುಗಳ ಹಿಂದೆ ನಿಲುವುಗನ್ನಡಿ, ಪಕ್ಕದಲ್ಲಿ ಸ್ಟೂಲೇ ಕಾಣದ ಹಾಗೆ ಸ್ಟೂಲಿನ ಮೇಲೆ ಕೂತ ನನ್ನ ಸೋದರತ್ತೆ...

ಈಜುಡುಪಿನ ಜೊತೆ ಒಂದು ಕಾರ್ಡೂ ಇತ್ತು. ಯಾವ ಮೈಕಟ್ಟಿಗೆ ಯಾವ ನಮೂನೆ ಒಪ್ಪುತ್ತದೆ ಎಂದು ಚಿತ್ರ ಹಾಕಿ ವಿವರಿಸಿದ್ದರು. ಒಬ್ಬಳು ಆ್ಯಪಲ್ ಅಂತೆ, ಒಬ್ಬಳು ಪೇರ್ ಅಂತೆ, ಮತ್ತೊಬ್ಬಳು ಮರಳು ಗಡಿಯಾರವಂತೆ. ಓದಿ ನನಗೆ ನಗು ತಡೆಯಲಾಗಲಿಲ್ಲ. ಇದನ್ನೆಲ್ಲ ನಮ್ಮತ್ತೆ ನನ್ನ ಕಾಲೇಜು ದಿನಗಳಲ್ಲೇ ಹೇಳಿ ಮುಗಿಸಿದ್ದಳು. ಅವಳಿಗೆ ಹಣ್ಣುಗಳು ಬೇಕಿರಲಿಲ್ಲ, ಸುತ್ತಮುತ್ತ ಕಾಣುವ ಸಾಮಾನು ಸಾಕಿತ್ತು. ಸೊಂಟ ಅಗಲ, ಮೇಲೆ ಸಣ್ಣ ಇದ್ದವಳು ತಂಬಿಗೆ. ಮೇಲಿಂದ ಕೆಳತನಕ ಒಂದೇ ಸಮ ಇದ್ದವಳು ಒನಕೆ. ಹೆಗಲು ಅಗಲವಾಗಿ ಕಾಲು ಸಣಕಲಾದವಳು ಬುಗುರಿ. ಹೊಟ್ಟೆ ಮುಂದೆ ಬಂದವಳು ಗುಡಾಣ. ನಡು ಸಣ್ಣಗಿದ್ದು ಮೇಲೂ ಕೆಳಗೂ ತುಂಬಿಕೊಂಡವಳು ಡಮರುಗ. "ಡಮರುಗ ನಮ್ಮ ತಾಲ್ಲೂಕ್ನಾಗೆ ಹುಟ್ಟೋದು ಅಪರೂಪ ಕಣೇ," ಎನ್ನುತ್ತಿದ್ದಳು. ತಾನು ಗುಡಾಣ ಎಂದು ಅವಳೇ ಮೊದಲು ಹೇಳಿಕೊಳ್ಳುತ್ತಿದ್ದರಿಂದ ಗಿರಾಕಿಗಳು ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಾನು ತಂಬಿಗೆ.

ಅತ್ತೆಯನ್ನು ಅಜ್ಜಂಪುರಕ್ಕೆ ಕೊಟ್ಟಿದ್ದರು. ಮಾವ ಬೇಗ ತೀರಿಕೊಂಡರು. ಮಕ್ಕಳಿರಲಿಲ್ಲ. ಮನೆಯವರು ಅವಳು ಒಂದು ಮೂಲೆಯಲ್ಲಿ ಕೂತು ಕಾಲ ಕಳೆಯುತ್ತಾಳೆ ಅಂದುಕೊಂಡಿರಬೇಕು. ಇವಳು ವರ್ಷ ತುಂಬುತ್ತಿದ್ದ ಹಾಗೆ ಕಡೂರಿನಲ್ಲಿ ಮಳಿಗೆ ಹಿಡಿದು ಹೆಂಗಸರ ಬಟ್ಟೆ ಅಂಗಡಿ ತೆರೆದಳು. ಬೆಳಿಗ್ಗೆ ಅಜ್ಜಂಪುರದಲ್ಲಿ ರೈಲು ಹತ್ತಿ ಬೀರೂರಿಗೆ ಬರುವುದು, ಅಲ್ಲಿಂದ ಬಸ್ಸಿನಲ್ಲಿ ಕಡೂರು. ಸಂಜೆ ಅದೇ ದಾರಿಯಲ್ಲಿ ವಾಪಸ್. ಬಸ್ಸಿನಲ್ಲಿ ಎಷ್ಟೇ ರಶ್ ಇದ್ದರೂ ಅವಳಿಗೆ ಸೀಟು ಸಿಗುತ್ತಿತ್ತು. ಸಿಗದಿದ್ದರೆ ಅವಳು ನಿಂತ ಜಾಗದಲ್ಲಿ ಬೇರೆ ಯಾರೂ ನಿಲ್ಲಲಾಗದೆ ಯಾರಾದರೊಬ್ಬರು ಎದ್ದುಬಿಡುತ್ತಿದ್ದರು.

ನಮ್ಮ ಮನೆ ಪಂಚನಹಳ್ಳಿ. ನಾನು ಕಡೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಕಾಲೇಜು ಬಿಟ್ಟ ಮೇಲೆ ಊರಿನ ಬಸ್ಸು ಬರುವವರೆಗೂ ಅತ್ತೆಯ ಅಂಗಡಿಯೇ ನನ್ನ ಠಿಕಾಣಿ. ಅವಳು ವ್ಯಾಪಾರ ಮಾಡುವುದನ್ನು ನೋಡುವುದೇ ಒಂದು ಮೋಜು. ಯಾವ ಬಟ್ಟೆಯನ್ನೂ ಅವಳು ಬರೀ ನಿಲ್ಲಿಸಿ ನೋಡಿ ಕೊಡುತ್ತಿರಲಿಲ್ಲ. ಹಾಕಿಸಿ, "ಕೂತ್ಕೋ. ಬಗ್ಗು. ಕೈ ಎತ್ತು. ಈಗ ತಿರುಗು," ಎನ್ನುವಳು. ನಿಂತಾಗ ಎಲ್ಲರಿಗೂ ಎಲ್ಲವೂ ಒಪ್ಪುತ್ತದೆ, ಕೂತಾಗ ಏನಾಗುತ್ತದೆ ಅನ್ನುವುದೇ ಮುಖ್ಯ ಎಂಬುದು ಅವಳ ಸಿದ್ಧಾಂತ. ನಾಲ್ಕೂ ಸರಿಹೋದರೆ ಮುಂದೆ ಮಾತಿಲ್ಲ. ಬಟ್ಟೆಗೆ ಅಂಟಿದ ಚೀಟಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತು ಕೈಗೆ ಕೊಡುವಳು. ಚೀಟಿ ಕಿತ್ತಳೆಂದರೆ ಅದು ಆ ಹೆಂಗಸಿನ ಬಟ್ಟೆ. ಕೊಳ್ಳಲು ಬಂದವಳು ಇನ್ನೂ ಹೂಂ ಅಂದಿರುತ್ತಿರಲಿಲ್ಲ, ಅದು ಬೇರೆ ಮಾತು. ಅವಳ ಆಯ್ಕೆ ಎಲ್ಲವೂ ಸರಿಯಿರುತ್ತಿತ್ತು ಅಂತೇನಿಲ್ಲ. ನಮ್ಮಮ್ಮನಿಗೆ ಒಮ್ಮೆ ಗಿಳಿಹಸಿರು ನೈಟಿಯೊಂದನ್ನು ಕೊಟ್ಟಿದ್ದಳು. ಅದನ್ನು ಅಮ್ಮ ಹಾಕಿಕೊಂಡ ದಿನ ಹಾಲಿನವನು ಬೇರೆ ಮನೆ ಎಂದುಕೊಂಡು ಮುಂದೆ ಹೋಗಿದ್ದ.

ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಅದರಲ್ಲಿ ಒರತೆ ನಿಂತು ಎಷ್ಟೋ ಕಾಲವಾಗಿತ್ತು. ಕರೆಂಟು ಇದ್ದಾಗ ಬೋರ್‌ವೆಲ್ ನೀರನ್ನು ಅದಕ್ಕೇ ತುಂಬಿಸಿಕೊಂಡು, ಅಲ್ಲಿಂದ ತೆಂಗಿಗೆ ಬಿಡುತ್ತಿದ್ದೆವು. ಅಪ್ಪ ಎರಡು ಒಣ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಜೋಡಿಸಿ ನನ್ನ ಬೆನ್ನಿಗೆ ಕಟ್ಟಿ ನೂಕಿದ್ದರು. ಕಾಯಿ ಬಿಟ್ಟ ಮೇಲೂ ನಾನು ನೀರು ಬಿಡಲಿಲ್ಲ. ಚೂಡಿದಾರದಲ್ಲೇ ಹಾರುತ್ತಿದ್ದೆ. ನೆಲದ ಮೇಲೆ ನಾನು ಬೇರೆಯವಳಾಗಿದ್ದೆ. ಸೊಂಟ, ತೊಡೆ ನೋಡಿ ಯಾರೇನಂದಾರೋ ಎಂದು ಪುಸ್ತಕದ ಚೀಲವನ್ನು ಹಿಂದಕ್ಕೆ ಇಳಿಬಿಟ್ಟುಕೊಂಡು, ವೇಲನ್ನು ಅಗಲ ಮಾಡಿ ಹೊದ್ದು, ಬಸ್ಸಿನಲ್ಲಿ ಎಲ್ಲರೂ ಇಳಿದ ಮೇಲೆ ಇಳಿಯುತ್ತಿದ್ದೆ. ನೀರಿಗೆ ಬಿದ್ದ ಕೂಡಲೇ ಆ ಭಾರವೆಲ್ಲ ಎಲ್ಲಿ ಹೋಗುತ್ತಿತ್ತೋ! ಅಲ್ಲಿ ಮಾತ್ರ ನನ್ನ ಮೈ ನನಗೆ ಇಷ್ಟವಾಗುತ್ತಿತ್ತು.

ಕಾಲೇಜಿನ ಪಿ.ಟಿ. ಮೇಷ್ಟ್ರು ಒಂದು ದಿನ ಹುಡುಗಿಯರಲ್ಲಿ ಯಾರಿಗೆ ಈಜು ಬರುತ್ತದೆ ಎಂದು ಕೇಳಿದರು. ಕೈ ಎತ್ತಿದ್ದು ನಾನೊಬ್ಬಳೇ. ಶಿವಮೊಗ್ಗದಲ್ಲಿ ಅಂತರ ಕಾಲೇಜು ಸ್ಪರ್ಧೆ ಇತ್ತು. ಹೆಸರು ಬರೆದುಕೊಂಡು ಎರಡು ಮಾತು ಹೇಳಿದರು. ಚೂಡಿದಾರ ನಡೆಯುವುದಿಲ್ಲ, ಈಜುಡುಪೇ ಬೇಕು. ಕೊರಳಲ್ಲಿ, ಕಿವಿಯಲ್ಲಿ ಏನೂ ನೇತಾಡಬಾರದು. ನಾನು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ತಲೆ ಎತ್ತದೆ, "ನಿಮ್ಮಮ್ಮನ್ನ ಕೇಳು," ಅಂದರು. ನಮ್ಮ ಮನೆಯಲ್ಲಿ ಕಷ್ಟದ ವಿಷಯಗಳೆಲ್ಲ ಹೀಗೆಯೇ ಅಡುಗೆಮನೆಗೆ ವರ್ಗವಾಗುತ್ತಿದ್ದವು. ಅಮ್ಮ ಬೈಯಲಿಲ್ಲ, ಒಪ್ಪಲೂ ಇಲ್ಲ. "ಮೊದ್ಲು ಆ ಬಟ್ಟೆ ತಂದು ಹಾಕ್ಕೊಂಡು ತೋರ್ಸು. ನೋಡಿ ಹೇಳ್ತೀನಿ," ಎಂದಳು. ಅಮ್ಮ ಒಮ್ಮೆ ಬೇಡ ಅಂದರೆ ಅದು ಬೇಡವೇ. ಶಿವಮೊಗ್ಗದ ದಾರಿ ಹಾಗೆ ಒಂದು ಬಟ್ಟೆಯ ಮೇಲೆ ನಿಂತಿತು. ಆ ಬಟ್ಟೆಯನ್ನು ನಾನಾಗಲಿ ಅಮ್ಮನಾಗಲಿ ಹತ್ತಿರದಿಂದ ಕಂಡವರೇ ಅಲ್ಲ.

ಮಾರನೆಯ ದಿನ ಅಂಗಡಿಗೆ ಹೋಗಿ ಅತ್ತೆಗೆ ಹೇಳಿದೆ. ಅವಳೂ ಅದುವರೆಗೆ ಒಂದೂ ಈಜುಡುಪು ಮಾರಿದವಳಲ್ಲ. ಆದರೆ ಗೊತ್ತಿಲ್ಲ ಎನ್ನುವ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. "ಅದೇನ್ ಮಹಾ. ಮೈ ಮೇಲೆ ಹಾಕ್ಕೊಳೋದೇ ತಾನೆ? ಮೈ ನಂಗೊತ್ತು," ಎಂದು ನೈಟಿ ತರುವ ಬೆಂಗಳೂರಿನ ಏಜೆಂಟನಿಗೆ ಫೋನು ಹಚ್ಚಿದಳು. ಅಳತೆ ಹೇಳುವಾಗ ನಮ್ಮ ಕಡೆಯ ಎಲ್ಲ ಹೆಂಗಸರ ಹಾಗೆ ಒಂದು ಸೈಜು ಜಾಸ್ತಿಯೇ ಹೇಳಿದಳು. ಬೆಳೆಯುವ ಹುಡುಗಿ, ಸಡಿಲ ಇರಲಿ ಅಂತ. ಶಾಲೆಯ ಯೂನಿಫಾರಂನಿಂದ ಹಿಡಿದು ಹಬ್ಬದ ಲಂಗದವರೆಗೆ ನಮಗೆಲ್ಲ ಹಾಗೆಯೇ ಹೊಲಿಸುತ್ತಿದ್ದದ್ದು. ನಾನು ಬೆಳೆಯುವುದು ನಿಂತು ಮೂರ್ನಾಲ್ಕು ವರ್ಷವೇ ಆಗಿತ್ತು.

ಭಾನುವಾರ ಅತ್ತೆ ಅದನ್ನು ಚೀಲದಲ್ಲಿ ಅವುಚಿಕೊಂಡು ಪಂಚನಹಳ್ಳಿಗೆ ಬಂದಳು. ಅಪ್ಪನನ್ನು ಊರೊಳಗೆ ಕಳಿಸಿ, ತೋಟದ ಬೇಲಿಗೆ ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದಾಯಿತು. ನಾನು ಹಾರಿದೆ. ನೀರು ಕುತ್ತಿಗೆಯಿಂದ ಒಳಗೆ ನುಗ್ಗಿ ಬಟ್ಟೆ ಬಲೂನಿನ ಹಾಗೆ ಉಬ್ಬಿತು. ಮೆಟ್ಟಿಲು ಹತ್ತಿ ಬಂದಾಗ ಅರ್ಧ ಬಾವಿ ನನ್ನ ಜೊತೆ ಮೇಲೆ ಬಂದಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಒಣಗಿದ್ದಾಗ ಬಿಗಿ ಅನ್ನಿಸ್ಬೇಕು ಕಣೇ, ನೀರಿಗೆ ಬಿದ್ಮೇಲೆ ಅದೇ ಸರಿಹೋಯ್ತದೆ," ಎಂದು ಹುಟ್ಟಿದಾಗಿನಿಂದ ಅದನ್ನು ತಿಳಿದವಳ ಹಾಗೆ ಹೇಳಿದಳು.

ಎರಡನೆಯದು ಲಂಗ ಇರುವಂಥದ್ದು. ತೊಡೆ ಮುಚ್ಚುತ್ತದೆ, ಅಮ್ಮನಿಗೂ ಸಮಾಧಾನ ಎಂದು ನಾನೇ ಹಟ ಮಾಡಿ ತರಿಸಿದ್ದೆ. ಹಾಕಿಕೊಂಡು ಅಂಗಡಿಯ ಕನ್ನಡಿ ಮುಂದೆ ನಿಂತಾಗಲೇ ಅತ್ತೆ ಮುಖ ಸಿಂಡರಿಸಿದಳು. ಆ ಲಂಗ ನನ್ನ ಮೈಯಲ್ಲಿ ಎಲ್ಲಿ ಅತಿ ಅಗಲವೋ ಸರಿಯಾಗಿ ಅಲ್ಲಿಗೇ ಬಂದು ನಿಂತಿತ್ತು. ಮುಚ್ಚಬೇಕೆಂದ ಕಡೆಗೇ ಎಲ್ಲರೂ ನೋಡುವ ಹಾಗೆ ಅಂಚು ಕಟ್ಟಿದಂತಾಗಿತ್ತು. ಬಾವಿಗೆ ಹಾರಿದಾಗ ಅದೂ ಮರ್ಯಾದೆ ಉಳಿಸಲಿಲ್ಲ, ಕೊಡೆಯಾಗಿ ಅರಳಿ ಮುಖಕ್ಕೆ ಮುಚ್ಚಿಕೊಂಡಿತು. ಅತ್ತೆ ಅಂದು ನನಗೆ ಕಲಿಸಿದ ಪಾಠ ಇಂದಿಗೂ ನೆನಪಿದೆ. ತಂಬಿಗೆ ಮೈಗೆ ಕೆಳಗೆ ಕಪ್ಪು ಇರಬೇಕು, ಬಣ್ಣ, ಚಿತ್ರ, ಪಟ್ಟಿ ಏನಿದ್ದರೂ ಮೇಲೆ. ತೊಡೆಯ ಹತ್ತಿರ ಕೊಂಚ ಮೇಲಕ್ಕೆ ಕತ್ತರಿಸಿದ್ದರೆ ಕಾಲು ಉದ್ದ ಕಾಣುತ್ತದೆ, ಕೆಳಕ್ಕೆ ಎಳೆದಷ್ಟೂ ಗಿಡ್ಡ ಮಾಡುತ್ತದೆ. ಹೆಗಲ ಪಟ್ಟಿ ಅಗಲವಿರಲಿ. ನನಗೆ ಇದೆಲ್ಲ ಉಲ್ಟಾ ಅನ್ನಿಸಿತು. "ಬಚ್ಚಿಡೋಕೆ ಹೋಗ್ಬೇಡ. ಬ್ಯಾರೆ ಕಡೆ ಕಣ್ಣು ಹೋಗೋ ಹಂಗ್ ಮಾಡು," ಅಂದಳು.

ಮೂರನೆಯದು ಹಾಗೆಯೇ ಬಂತು. ಕಪ್ಪು ಬಣ್ಣ, ಎದೆಯ ಮೇಲೆ ಕೆಂಪು ಹೂವು, ಕತ್ತು ಆಳವಾಗಿ ವಿ ಆಕಾರದಲ್ಲಿ ಇಳಿದಿತ್ತು. ಕತ್ತು ತೆರೆದಷ್ಟೂ ಎತ್ತರ ಕಾಣುತ್ತೀಯ ಎಂದಳು ಅತ್ತೆ. ಕೂತು, ಬಗ್ಗಿ, ಕೈ ಎತ್ತಿ, ತಿರುಗಿದೆ. ಎಲ್ಲವೂ ಸರಿಯಿತ್ತು. ಅವಳು ಚೀಟಿಗೆ ಬಾಯಿ ಹಾಕಿದ್ದಳು. ಅದೇಕೋ ತಡೆದು, "ನಿಮ್ಮಮ್ಮ ನೋಡ್ಲಿ, ಆಮ್ಯಾಕೆ ಕೀಳ್ತೀನಿ," ಅಂದಳು.

ಒಂದು ತೊಡಕು ಮಾತ್ರ ಇತ್ತು. ನಮ್ಮ ಮನೆಯಲ್ಲಿ ಎಲ್ಲರಂತೆ ನನ್ನ ಕೊರಳಲ್ಲೂ ಶಿವದಾರದಲ್ಲಿ ಲಿಂಗದ ಕರಡಿಗೆ ತೂಗುತ್ತಿತ್ತು, ಮೊಟ್ಟೆಯಾಕಾರದ ಸಣ್ಣ ಬೆಳ್ಳಿ ಡಬ್ಬಿ. ಚೂಡಿದಾರದ ಒಳಗೆ ಅದು ಎಲ್ಲೋ ಇದ್ದುಬಿಡುತ್ತಿತ್ತು. ಬಾವಿಗಿಳಿದಾಗ ಈ ತೆರೆದ ಕತ್ತಿನಲ್ಲಿ ಅದು ಆಚೆ ಬಂದು, ಕೈ ಬೀಸಿದಾಗಲೆಲ್ಲ ಗದ್ದಕ್ಕೆ ಬಡಿಯಿತು. ಕೊರಳಲ್ಲಿ ಏನೂ ನೇತಾಡಬಾರದು ಎಂದು ಮೇಷ್ಟ್ರು ಬೇರೆ ಹೇಳಿದ್ದರು. "ಈಜೋಗಂಟ ನನ್ ಕೈಯಾಗೆ ಇರ್ಲಿ ಕೊಡು," ಎಂದು ಅತ್ತೆ ಬಾವಿಕಟ್ಟೆಯ ಮೇಲೆ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕೂತಳು. ಕಾಯಿ ಆರಿಸುವ ನೆಪದಲ್ಲಿ ಅಮ್ಮನನ್ನು ತೋಟಕ್ಕೆ ಕರೆಸಿದಳು.

ಅಮ್ಮ ಬಂದು ನಿಂತಾಗ ನಾನು ಬಾವಿಯ ನಡುವೆ ಇದ್ದೆ. ಆ ಗೋಡೆಯಿಂದ ಈ ಗೋಡೆಗೆ ಈಜಿ ತೋರಿಸಿದೆ. ಅಮ್ಮನ ಮುಖದಲ್ಲಿ ನಗು ಕಂಡಿತು. ಗೆದ್ದೆವು ಅಂದುಕೊಂಡು ಮೆಟ್ಟಿಲು ಹತ್ತಿದೆ. ತೊಡೆಯನ್ನು ಕೈಯಿಂದ ಮುಚ್ಚಿಕೊಳ್ಳುತ್ತಾ ಹೋಗಿ ಮುಂದೆ ನಿಂತೆ. ಅಮ್ಮ ತೊಡೆ ನೋಡಲೇ ಇಲ್ಲ. ಅವಳ ಕಣ್ಣು ನನ್ನ ಕೊರಳ ಮೇಲೆ ನಿಂತಿತ್ತು.

"ಲಿಂಗ ಎಲ್ಲೇ?"

ಅತ್ತೆ ಮುಷ್ಟಿ ಬಿಚ್ಚಿದಳು. ಅಮ್ಮ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿ ನನ್ನ ಒದ್ದೆ ಕೊರಳಿಗೆ ಹಾಕಿದಳು. "ಬಟ್ಟೆ ಹೆಂಗಾದ್ರೂ ಇರ್ಲಿ ಅತ್ಗೆ, ನೀರಾಗೆ ಯಾರ್ ನೋಡ್ತಾರೆ. ಬರೀ ಕೊರಳಲ್ಲಿ ನನ್ ಮಗಳನ್ನ ಬಾವಿಗಿಳಿಸ್ದೆಯಲ್ಲ! ಏನಾರ ಆಗಿದ್ರೆ?" ಎಂದಳು. ನನ್ನ ಕಡೆ ತಿರುಗಿ, "ಶಿವಮೊಗ್ಗನೂ ಬ್ಯಾಡ, ಏನೂ ಬ್ಯಾಡ," ಎಂದು ಕಾಯಿಯನ್ನೂ ಆರಿಸದೆ ಹೊರಟುಹೋದಳು.

ತಿಂಗಳಿಂದ ನಾವಿಬ್ಬರೂ ಸೊಂಟ, ತೊಡೆ ಎಂದು ಒದ್ದಾಡಿದ್ದೆವು. ಅಮ್ಮನಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಹುಟ್ಟಿದ ಮೇಲೆ ಕಟ್ಟಿದ ಲಿಂಗ ಮೈಬಿಡಬಾರದು, ಅದಿಲ್ಲದ ಕೊರಳೇ ಅವಳ ಕಣ್ಣಿಗೆ ಬೆತ್ತಲೆ. ಅದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಕಣ್ಣು ಅತ್ತ ಹೋಗಿರಲಿಲ್ಲ. ನಾನು ಆ ರಾತ್ರಿ ಊಟ ಮಾಡಲಿಲ್ಲ. ನನ್ನ ಮೈಕಟ್ಟೇ ಸರಿಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದವಳಿಗೆ ನೀರೊಂದು ಆಸರೆಯಾಗಿತ್ತು. ಅದೂ ಕೈತಪ್ಪಿತು ಎಂದು ಅಳು ಬಂತು.

ಮರುದಿನ ಅಂಗಡಿಗೆ ಹೋದರೆ ಅತ್ತೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಸುಮ್ಮನೆ ಕೂತ ಅತ್ತೆಯನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಕಂಡು, "ಸೊಂಟ ನೋಡ್ದೆ, ತೊಡೆ ನೋಡ್ದೆ, ಕೊರಳು ಮರ್ತ್ಬಿಟ್ಟೆ. ನಾನೂ ಲಿಂಗ ಕಟ್ಕೊಂಡೋಳೇ... ನಿಮ್ಮಮ್ಮ ಅಂದಿದ್ರಾಗೆ ತಪ್ಪಿಲ್ಲ," ಎಂದಳು. ನಾನು ಹಾಗಾದರೆ ಹೆಸರು ವಾಪಸ್ ತಗೊಳ್ಳುತ್ತೇನೆ ಅಂದೆ. ಅತ್ತೆ ತಲೆ ಎತ್ತಿ ನನ್ನನ್ನು ನೋಡಿದಳು. "ಯಾರ್ಗೆ ಬಟ್ಟೆ ಸಿಗ್ಲಿಲ್ಲ ಅಂತ ನನ್ನಂಗಡಿಯಿಂದ ವಾಪಸ್ ಹೋಗಿದಾರೆ? ಹೇಳು ನೋಡಾನ," ಎಂದಳು.

ಈ ಸಲ ಫೋನು ಮಾಡಲಿಲ್ಲ. ಅಂಗಡಿಗೆ ಬೀಗ ಹಾಕಿ ತಾನೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಂದಳು. ಅಷ್ಟು ದಪ್ಪ ಹೆಂಗಸು ಈಜುಡುಪಿನ ಅಂಗಡಿಗಳಲ್ಲಿ ಒಂದೊಂದನ್ನೂ ಎಳೆದು ನೋಡುತ್ತಾ, ಇದರೊಳಗೆ ಕೈ ಹೋಗುತ್ತಾ, ಒಳಗೆ ಅಸ್ತರಿ ಬಟ್ಟೆ ಇದೆಯಾ ಎಂದು ಕೇಳುವುದನ್ನು ನೋಡಿ ಅಲ್ಲಿಯವರು ಏನಂದುಕೊಂಡರೋ! ಅವಳಿಗೆ ಅದರ ಪರಿವೆ ಇದ್ದಿದ್ದರೆ ಅವಳು ನಮ್ಮತ್ತೆಯೇ ಅಲ್ಲ.

ತಂದದ್ದು ಕಡು ನೀಲಿಯದು. ಕತ್ತು ಕಾಲರಿನವರೆಗೂ ಮುಚ್ಚಿತ್ತು. ಹೆಗಲ ಮೇಲೆ ಆಚೆಯಿಂದ ಈಚೆಗೆ ಅಗಲವಾದ ಕೇಸರಿ ಪಟ್ಟಿ. ಒಳಗಿನ ಅಸ್ತರಿಯನ್ನು ಎದೆಯ ಎಡಭಾಗದಲ್ಲಿ ಬಿಚ್ಚಿ, ಅದರಲ್ಲಿ ಒಂದು ಪುಟ್ಟ ಜೇಬು ಮಾಡಿದಳು. ಮೊದಲು ಮಾಮೂಲಿ ದಾರದಲ್ಲಿ ಹೊಲಿದಳು. ಬಟ್ಟೆ ಎಳೆದಾಗ ದಾರ ಪಟಪಟ ಹರಿಯಿತು. ಆಮೇಲೆ ಹಿಗ್ಗುವ ದಾರ ಹುಡುಕಿ, ಹೊಲಿಗೆಯನ್ನು ಸೊಟ್ಟಸೊಟ್ಟಗೆ ಹಾಕಿ, ಮತ್ತೆ ಮತ್ತೆ ಎಳೆದು ನೋಡಿದಳು. ಲಿಂಗವನ್ನು ಬೆಳ್ಳಿ ಕರಡಿಗೆಯಿಂದ ತೆಗೆದು ಬಿಳಿ ವಸ್ತ್ರದಲ್ಲಿ ಕಟ್ಟಿ, ಶಿವದಾರವನ್ನು ಗಿಡ್ಡ ಮಾಡಿ, ನನ್ನ ಕೈಯಲ್ಲೇ ಜೇಬಿನೊಳಗೆ ಇಡಿಸಿದಳು. ದಾರ ಕಾಲರಿನ ಅಡಿಯಲ್ಲಿ ಅಡಗಿತು. ಲಿಂಗ ಎದೆಗೆ ಅಂಟಿ ನಿಂತಿತು. ಈಗ ಏನೂ ನೇತಾಡುತ್ತಿರಲಿಲ್ಲ.

"ಕೂತ್ಕೋ. ಬಗ್ಗು. ಕೈ ಎತ್ತು. ತಿರುಗು."

ತಿರುಗಿ ಕನ್ನಡಿ ನೋಡಿದೆ. ನನಗೆ ಹೆಗಲಿದೆ ಎಂದು ತಿಳಿದದ್ದೇ ಆವತ್ತು. ಬಾವಿಯಲ್ಲಿ ಅಷ್ಟು ವರ್ಷ ಕೈ ಬೀಸಿ ಬೆಳೆದ ಗಟ್ಟಿ ಹೆಗಲು. ಇಷ್ಟು ದಿನ ವೇಲಿನ ಕೆಳಗೆ ಮಲಗಿದ್ದದ್ದು ಆ ಕೇಸರಿ ಪಟ್ಟಿಯಲ್ಲಿ ಎದ್ದು ಕೂತಿತ್ತು. ಹೆಗಲು ಅಗಲವಾದ ಮೇಲೆ ಸೊಂಟ ತನ್ನಷ್ಟಕ್ಕೆ ತಾನು ಸರಿಹೋಯಿತು, ಅದರ ಕಡೆಗೆ ಕಣ್ಣೇ ಹೋಗಲಿಲ್ಲ. ಕತ್ತು ತೆರೆದರೆ ಚೆಂದ ಎಂದು ಅತ್ತೆ ಹಟ ಹಿಡಿದಿದ್ದಳಲ್ಲ, ಮುಚ್ಚಿದ ಮೇಲೆ ಅದಕ್ಕಿಂತ ಚೆಂದವಾಯಿತು. ಅಮ್ಮ ಸಿಟ್ಟು ಮಾಡಿಕೊಳ್ಳದಿದ್ದರೆ ನಾವು ಅದನ್ನು ಆರಿಸುತ್ತಲೇ ಇರಲಿಲ್ಲ. ಅತ್ತೆ ನನ್ನ ಬೆನ್ನ ಹಿಂದೆ ಬಂದು ಚೀಟಿಯನ್ನು ಹಲ್ಲಿನಿಂದ ಕಿತ್ತಳು.

"ಅಯ್ಯೋ, ಅಮ್ಮ ಇನ್ನೂ ನೋಡಿಲ್ವಲ್ಲ ಅತ್ತೆ?"

"ನೋಡ್ಲಿ ಬಿಡು," ಎಂದಳು.

ಅಮ್ಮ ಬಾವಿಕಟ್ಟೆಗೆ ಬರಲು ಒಪ್ಪಿದ್ದೇ ಕಷ್ಟದಲ್ಲಿ. ಬಂದವಳು ಮೊದಲು ನನ್ನ ಎದೆಯ ಎಡಕ್ಕೆ ಅಂಗೈ ಇಟ್ಟಳು. ಲಿಂಗ ಕೈಗೆ ಸಿಕ್ಕಿತು. "ಹಾರು," ಅಂದಳು. ಹಾರಿದೆ, ಮುಳುಗಿದೆ, ಮಗುಚಿ ಈಜಿದೆ, ಬಾವಿಯನ್ನು ಸುತ್ತುಹಾಕಿದೆ. ಮೇಲೆ ಬಂದಾಗ ಅಮ್ಮ ಮತ್ತೆ ಅದೇ ಜಾಗಕ್ಕೆ ಕೈ ಇಟ್ಟಳು. ಲಿಂಗ ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತು ಕೈ ಹಾಗೇ ಇಟ್ಟುಕೊಂಡಿದ್ದು, "ಎದೆ ಹೆಂಗ್ ಹೊಡ್ಕೋತೈತೆ ನೋಡು... ಹೋಗ್ಬಾ," ಎಂದಳು. ಅತ್ತೆ ಆ ಕಡೆ ತಿರುಗಿ ಮೂಗು ಒರೆಸಿಕೊಂಡಳು. ನೆಗಡಿ ಎಂದು ನಂತರ ವಾದಿಸಿದಳು.

ಶಿವಮೊಗ್ಗಕ್ಕೆ ಅತ್ತೆಯೇ ಜೊತೆಗೆ ಬಂದಳು. ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಕೂತು, ಬರುವ ಹೋಗುವ ಹುಡುಗಿಯರನ್ನೆಲ್ಲ ಅಳೆಯುತ್ತಿದ್ದಳು. ಒನಕೆ ಹುಡುಗಿಗೆ ಉದ್ದಪಟ್ಟೆಯದು ಯಾಕೆ ಕೊಟ್ಟರು, ಅಡ್ಡಪಟ್ಟೆ ಕೊಟ್ಟಿದ್ದರೆ ಮೈ ತುಂಬಿಕೊಂಡು ಕಾಣುತ್ತಿತ್ತು, ಎಂದು ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ ಜೋರಾಗಿ ಹೇಳುತ್ತಿದ್ದಳು. ಆ ಹೆಂಗಸು ಒನಕೆಯ ತಾಯಿಯೇ ಎಂದು ಗೊತ್ತಾದ ಮೇಲೂ ಅವಳ ದನಿ ಇಳಿಯಲಿಲ್ಲ. ಕೊನೆಗೆ ಆಕೆ ಕಡೂರಿನ ಅಂಗಡಿಯ ವಿಳಾಸ ಬರೆದುಕೊಂಡು ಹೋದರು.

ಬಟ್ಟೆ ಬದಲಿಸುವ ಕೋಣೆಯಿಂದ ನೀರಿನ ಅಂಚಿನವರೆಗೆ ನಡೆಯಬೇಕಿತ್ತು. ಉಳಿದವರು ಟವೆಲ್ ಸುತ್ತಿಕೊಂಡು ಹೋದರು. ನಾನೂ ಟವೆಲ್ ತಂದಿದ್ದೆ. ಬಾಗಿಲಲ್ಲಿ ನಿಂತು ಮೇಲೆ ನೋಡಿದೆ. ಅತ್ತೆ ಮಂಡಕ್ಕಿ ಹಿಡಿದ ಕೈಯನ್ನೇ ಗಾಳಿಯಲ್ಲಿ ಸುತ್ತಿಸಿ 'ತಿರುಗು' ಎಂದು ಸನ್ನೆ ಮಾಡುತ್ತಿದ್ದಳು. ನನಗೆ ನಗು ಬಂದುಬಿಟ್ಟಿತು. ಟವೆಲನ್ನು ಕೊಕ್ಕೆಗೆ ಸಿಕ್ಕಿಸಿ ಮೈಯ ಮೇಲೆ ಬಿಸಿಲು ಬೀಳಿಸಿಕೊಂಡು ನಡೆದೆ. ನನ್ನ ತೊಡೆಯನ್ನು ಯಾರು ನೋಡಿದರೋ ನನಗೆ ಗೊತ್ತಿಲ್ಲ. ನಾನು ಮಾತ್ರ ಯಾರನ್ನೂ ನೋಡಲಿಲ್ಲ. ಪದಕ ಬರಲಿಲ್ಲ, ನಾಲ್ಕನೆಯವಳಾದೆ. ಆದರೆ ಈಗ ನೆನೆದರೂ ಗೆದ್ದ ಹಾಗೆಯೇ ಅನ್ನಿಸುವುದು ಆ ನಡಿಗೆ. ಅದಾದ ಮೇಲೆ ನಾನು ಚೀಲವನ್ನು ಹಿಂದಕ್ಕೆ ಇಳಿಬಿಟ್ಟುಕೊಳ್ಳಲಿಲ್ಲ, ಬಸ್ಸಿನಿಂದ ಕೊನೆಯಲ್ಲಿ ಇಳಿಯಲೂ ಇಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಕೇಳಿದೆ, ನೀನೂ ಒಮ್ಮೆ ನೀರಿಗಿಳಿ ಅತ್ತೆ, ಅಂತ. ಚಿಕ್ಕಂದಿನಲ್ಲಿ ಅದೇ ಬಾವಿಯಲ್ಲಿ ಅವಳೂ ಈಜುತ್ತಿದ್ದಳಂತೆ, ದೊಡ್ಡವಳಾದ ಮೇಲೆ ಬಿಡಿಸಿದರಂತೆ. ಅವಳು ಕಿಟಕಿಯ ಆಚೆ ನೋಡುತ್ತಾ, "ನನ್ನಳತೆದು ಎಲ್ಲೂ ಇಲ್ಲ ಕಣೇ. ಬೆಂಗಳೂರ್ನಾಗೂ ಕೇಳ್ದೆ," ಅಂದಳು. ಕೇಳಿದ್ದಳು ಎನ್ನುವುದೇ ನನಗೆ ಆಶ್ಚರ್ಯ. ಎಲ್ಲರ ಮೈಗೂ ಒಂದಲ್ಲ ಒಂದು ಒಪ್ಪುವಂಥದ್ದನ್ನು ಹುಡುಕಿಕೊಟ್ಟವಳು ತನಗೆ ಅಂತ ಕೇಳಿ ಬರಿಗೈಯಲ್ಲಿ ಬಂದಿದ್ದಳು. ಸಂಬಳ ಬರಲಿ, ನಾನೇ ಹುಡುಕಿ ತರುತ್ತೇನೆ ಅಂದೆ. "ಕೆಳಗೆ ಕಪ್ಪು ಇರ್ಲಿ," ಎಂದು ನಕ್ಕಳು. ಆಮೇಲೆ ಕೆಲಸ, ಮದುವೆ, ಮಕ್ಕಳು... ಅವಳ ಮಂಡಿ ಕೆಟ್ಟಿತು, ಅಂಗಡಿಯೂ ಮುಚ್ಚಿತು, ಮಾತು ಮಾತಾಗಿಯೇ ಉಳಿಯಿತು.

ಅತ್ತೆ ಹೋಗಿದ್ದು ಮೂರು ವರ್ಷದ ಹಿಂದೆ, ಅಜ್ಜಂಪುರದಲ್ಲೇ. ನಾನು ಊರು ಮುಟ್ಟುವ ಹೊತ್ತಿಗೆ ಮೈ ತೊಳೆಯಲು ಅಣಿ ಮಾಡುತ್ತಿದ್ದರು. ಅಮ್ಮನ ಜೊತೆ ನಾನೂ ಕೈ ಹಾಕಿದೆ. ಎಲ್ಲರ ಮೈಯನ್ನೂ ಅಳೆದ ಅತ್ತೆ ತನ್ನ ಮೈಯನ್ನು ಯಾರಿಗೂ ಅಳೆಯಲು ಬಿಟ್ಟವಳಲ್ಲ. ಮನೆಯವರು ಉಡಿಸಲು ದೊಡ್ಡ ಜರಿಯ ಗಡುಸಾದ ರೇಷ್ಮೆ ಸೀರೆ ತಂದಿಟ್ಟರು. ನಮ್ಮವರಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ, ಕೂರಿಸಿಯೇ ಮಣ್ಣಿಗಿಳಿಸುತ್ತಾರೆ. ಈ ಸೀರೆ ಕೂತಾಗ ಹೊಟ್ಟೆಯ ಮೇಲೆ ಉಬ್ಬಿ ನಿಲ್ಲುತ್ತದೆ. ಜೀವಮಾನವಿಡೀ ಕೂತಾಗ ನೋಡಬೇಕು ಅಂದವಳಿಗೆ ಇದನ್ನು ಹೇಗೆ ಉಡಿಸುವುದು? "ಇದು ಬೇಡ," ಅಂದೆ. ಯಾರೋ ಗೊಣಗಿದರು. ನಾನು ಬೀರು ತೆಗೆದು ಹುಡುಕಿ, ಮೆತ್ತನೆಯ ಕಡು ನೇರಳೆ ಬಣ್ಣದ, ಸಣ್ಣ ಅಂಚಿನ ಸೀರೆ ಆರಿಸಿದೆ. ಉಡಿಸಿ ಕೂರಿಸಿದೆವು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಸೆರಗು ಮೈಗೆ ಅಂಟಿಕೊಂಡು ಇಳಿದಿತ್ತು. ಅಮ್ಮ ಸ್ವಲ್ಪ ದೂರ ಹೋಗಿ ನಿಂತು ನೋಡಿ, "ಒಪ್ತು ಕಣೇ," ಎಂದು ಗಟ್ಟಿಯಾಗಿ ಅತ್ತಳು.

ಈಗ ಮತ್ತೆ ಈಜಬೇಕು ಅನ್ನಿಸಿದೆ. ಭಾನುವಾರ ತರೀಕೆರೆಯಿಂದ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋದರೆ ಈಜುಕೊಳವಿದೆ. ಎರಡು ಹೆರಿಗೆಯಾಗಿ ತಂಬಿಗೆ ಗುಡಾಣದ ದಾರಿ ಹಿಡಿದಿದೆ, ಅದಕ್ಕೆ ಹೊಟ್ಟೆಯ ಹತ್ತಿರ ನೆರಿಗೆ ಕೂಡಿಸಿದ್ದನ್ನೇ ತರಿಸಿದೆ. ಕಾಲರಿನವರೆಗೆ ಮುಚ್ಚಿದ ಕತ್ತು, ಅಗಲ ಹೆಗಲು, ಕೆಳಗೆ ಕಪ್ಪು. ಒಳಗಿನ ಅಸ್ತರಿ ಬಿಚ್ಚಿ ಹಿಗ್ಗುವ ದಾರದಲ್ಲಿ ಸೊಟ್ಟ ಹೊಲಿಗೆ ಹಾಕಿ ಎಡಕ್ಕೊಂದು ಜೇಬು ಮಾಡಿದೆ. ಆರ್ಡರ್ ಮಾಡುವಾಗ ನನ್ನ ಅಳತೆ ಒತ್ತಿದ ಮೇಲೆ, ಇನ್ನೂ ಎಲ್ಲಿಯವರೆಗೆ ಇದೆ ನೋಡೋಣ ಎಂದು ಫೋನಿನ ಅಳತೆಪಟ್ಟಿಯಲ್ಲಿ ಸುಮ್ಮನೆ ಕೆಳಗೆ ಹೋಗಿದ್ದೆ. ಅತ್ತೆಯ ಅಳತೆಯೂ ಇತ್ತು. ಕಪ್ಪು, ನೀಲಿ, ನೇರಳೆ, ಬೇಕಾದ ಬಣ್ಣದಲ್ಲಿತ್ತು. ಬೆರಳು ಅದರ ಮೇಲೆ ಸುಮಾರು ಹೊತ್ತು ನಿಂತಿತ್ತು...

ಹಾಕಿಕೊಂಡು ಕನ್ನಡಿ ಮುಂದೆ ಕೂತೆ. ಬಗ್ಗಿದೆ. ಕೈ ಎತ್ತಿದೆ. ತಿರುಗಿದೆ. ಚೆನ್ನಾಗಿಯೇ ಇತ್ತು, ನನಗೇ ಗೊತ್ತಾಗುತ್ತಿತ್ತು. ಆದರೂ ಬೆನ್ನ ಹಿಂದಿನಿಂದ ಒಂದು ಮಾತು 'ಸಾಕು ಬಿಡು, ಇದೇ' ಎಂದು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ. ಬರಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ ಚೀಟಿಯನ್ನು ಮುಂದಕ್ಕೆಳೆದು, ಹಲ್ಲಿನಿಂದ ಕಚ್ಚಿ ಕಿತ್ತೆ.